ಆಪತ್ತಿಗೊದಗುವ ಸೆಲ್ಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಬಂತೆಂದರೆ ನಮಗೆ ಬರುವ ಕಾಗದಗಳಲ್ಲಿ ಕರೆಂಟಿನದೇ ಗೋಳು. ಈ ಸಲ ಹೆಚ್ಚಿನವರು ಕೇಳಿರುವುದು ಅಪಾಯದ ಹೊತ್ತಿಗೆಂದು ಮನೆಯಲ್ಲಿಟ್ಟುಕೊಂಡ ಸಾಧನಗಳ ಬ್ಯಾಟರಿ ಬಗ್ಗೆ. ನಾವೇ ಬಿಚ್ಚಿ ಬದಲಿಸುವಂತಿದ್ದರೆ ಅನುಕೂಲ ಹೌದು. ಆದರೆ ಎಡವಟ್ಟಾಗುವುದೂ ಅಲ್ಲೇ. ಗೂಡಿನಲ್ಲಿ ಸರಿಯಾಗಿ ಕೂತಿತಲ್ಲ ಎಂದು ಕೈಗೆ ಸಿಕ್ಕಿದ್ದನ್ನು ತುರುಕುತ್ತೇವೆ, ಸಾಧನ ಕೇಳುವ ಜಾತಿಯೇ ಬೇರೆ ಇರುತ್ತದೆ.

ಪ್ರಶ್ನೆ: ಹಜಾರದ ಸೂರಿನಲ್ಲಿ ಹೊಗೆ ಅಲಾರಂ ಹಾಕಿಸಿದ್ದೇವೆ. ಬೆಳಗಿನ ಜಾವ ಮೂರು ಗಂಟೆಗೆ 'ಕೀಂ' ಎನ್ನಲು ಶುರುಮಾಡುತ್ತದೆ, ಬಿಸಿಲೇರಿದ ಮೇಲೆ ಸುಮ್ಮನಾಗುತ್ತದೆ. ಪದೇ ಪದೇ ಕೊಳ್ಳುವುದೇಕೆಂದು ಚಾರ್ಜ್ ಮಾಡುವ 9 ವೋಲ್ಟ್ ಬ್ಯಾಟರಿ ಹಾಕಿದೆ. ಎರಡು ತಿಂಗಳಲ್ಲಿ ಮತ್ತೆ ಅದೇ ರಾಗ. ಅಲಾರಂ ಕೆಟ್ಟಿದೆಯೇ?
– ಓದುಗರೊಬ್ಬರು, ಬನಶಂಕರಿ

ಉತ್ತರ: ಕೆಟ್ಟಿರುವ ಲಕ್ಷಣ ಇದಲ್ಲ. ಇಂಥ ಅಲಾರಂ ಆಗಾಗ ಬ್ಯಾಟರಿಯ ಮೇಲೆ ಒಂದು ಕ್ಷಣ ಸಣ್ಣ ಹೊರೆ ಹೊರಿಸಿ ವೋಲ್ಟೇಜ್ ನೋಡುತ್ತದೆ. ಅದು ಸುಮಾರು ಏಳೂವರೆ ವೋಲ್ಟಿಗಿಂತ ಇಳಿದರೆ (ಮಾದರಿಯಿಂದ ಮಾದರಿಗೆ ತುಸು ವ್ಯತ್ಯಾಸವಿದೆ) ಮೂವತ್ತು ನಲವತ್ತು ಸೆಕೆಂಡಿಗೊಮ್ಮೆ ಕೀಂಗುಡುತ್ತದೆ. ಬೆಳಗಿನ ಜಾವ ಚಳಿ ಹೆಚ್ಚು. ಚಳಿಗೆ ಬ್ಯಾಟರಿಯ ಒಳಗಿನ ಪ್ರತಿರೋಧ ಏರಿ ಅಂಚಿನಲ್ಲಿರುವ ವೋಲ್ಟೇಜ್ ಗೆರೆಯ ಕೆಳಗೆ ಜಾರುತ್ತದೆ. ಹತ್ತು ಗಂಟೆಯ ಹೊತ್ತಿಗೆ ಮನೆ ಬೆಚ್ಚಗಾದಾಗ ಮತ್ತೆ ಗೆರೆಯ ಮೇಲೆ ಬರುತ್ತದೆ. ಸುಮ್ಮನಾಯಿತೆಂದು ನೀವೂ ಸುಮ್ಮನಾಗಬೇಡಿ.

ಇನ್ನು ಚಾರ್ಜ್ ಮಾಡುವ ಬ್ಯಾಟರಿಯ ವಿಷಯ. ಅದರ ಮೈಮೇಲೆ 9 ವೋಲ್ಟ್ ಎಂದಿದ್ದರೂ ಒಳಗೆ ತಲಾ 1.2 ವೋಲ್ಟಿನ ಏಳು ನಿಕಲ್ ಸೆಲ್ಲುಗಳಿದ್ದರೆ ಒಟ್ಟು 8.4 ವೋಲ್ಟ್ ಮಾತ್ರ. ಆರೇ ಇದ್ದರೆ 7.2, ಅಂದರೆ ಹಾಕಿದ ದಿನವೇ ಅಲಾರಂ ಪಾಲಿಗೆ ಅದು ಮುಗಿದ ಬ್ಯಾಟರಿ. ಸಾಮರ್ಥ್ಯವೂ 200 ಮಿಲಿ ಆಂಪಿಯರ್ ಗಂಟೆಯ ಆಸುಪಾಸು. ಅದೇ ಆಲ್ಕಲೈನ್ ಆದರೆ 500ರ ಮೇಲಿರುತ್ತದೆ. ಜೊತೆಗೆ ಸುಮ್ಮನೆ ಕೂತರೂ ತಾನಾಗಿ ಇಳಿಯುವ ಗುಣ ಬೇರೆ. ಹೊಗೆ ಅಲಾರಂ ಕುಡಿಯುವ ಕರೆಂಟು ತೀರಾ ಕಡಿಮೆ, ಹಾಗಾಗಿ ಇಲ್ಲಿ ಬ್ಯಾಟರಿಯನ್ನು ಖಾಲಿ ಮಾಡುವುದು ಅಲಾರಂಗಿಂತ ಹೆಚ್ಚಾಗಿ ಬ್ಯಾಟರಿಯೇ. ಯುಎಸ್‌ಬಿ ಕಿಂಡಿಯ ಲಿಥಿಯಂ ಅಯಾನ್ ಮಾದರಿ ಇನ್ನೂ ಮೋಸಗಾರ. ಒಳಗಿನ ಸರ್ಕೀಟು ಕೊನೆಯವರೆಗೂ ಒಂದೇ ವೋಲ್ಟೇಜ್ ಕೊಟ್ಟು ಒಮ್ಮೆಗೇ ಕೈಕೊಡುತ್ತದೆ. ಎಚ್ಚರಿಕೆಯ ಕೀಂ ಸದ್ದು ಬರುವುದೇ ಇಲ್ಲ, ಅಲಾರಂ ಸತ್ತದ್ದು ಯಾರಿಗೂ ತಿಳಿಯುವುದಿಲ್ಲ.

ಅಂಗಡಿಯಲ್ಲಿ 'ಒಂಬತ್ತು ವೋಲ್ಟ್ ಕೊಡಿ' ಎಂದಷ್ಟೇ ಕೇಳಿದರೆ ಹೆಚ್ಚಾಗಿ ಕೊಡುವುದು ಕಾರ್ಬನ್ ಝಿಂಕ್ ಬ್ಯಾಟರಿ. ಮೈಮೇಲಿನ ಸಣ್ಣ ಅಕ್ಷರ ಓದಿ: 6ಎಫ್22 ಎಂದಿದ್ದರೆ ಕಾರ್ಬನ್, 6ಎಲ್ಆರ್61 ಎಂದಿದ್ದರೆ ಆಲ್ಕಲೈನ್. 'ಹೆವಿ ಡ್ಯೂಟಿ' ಎಂಬ ದೊಡ್ಡ ಹೆಸರು ಹೊತ್ತದ್ದು ಈ ಬಡಪಾಯಿ ಕಾರ್ಬನ್ನೇ! ಕೈಪಿಡಿ ಒಪ್ಪಿದರೆ ಒಮ್ಮೆ ಬಳಸುವ ಲಿಥಿಯಂ 9 ವೋಲ್ಟ್ ಎಲ್ಲಕ್ಕಿಂತ ಮೇಲು, ಸುಮಾರು 1200 ಮಿಲಿ ಆಂಪಿಯರ್ ಗಂಟೆ ಇರುತ್ತದೆ.

ಬದಲಿಸುವ ಕ್ರಮ: ಅಲಾರಂ ತಿರುಗಿಸಿ ಕೆಳಗಿಳಿಸಿ, ಹಳೆಯ ಬ್ಯಾಟರಿ ತೆಗೆದು ಪರೀಕ್ಷೆಯ ಗುಂಡಿಯನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗುಳಿದ ಚಾರ್ಜ್ ಹೋಗದಿದ್ದರೆ ಕೆಲವು ಮಾದರಿಗಳು ಹೊಸ ಬ್ಯಾಟರಿ ಹಾಕಿದ ಮೇಲೂ ಕೀಂಗುಡುತ್ತವೆ. ಹಲವು ಅಲಾರಂಗಳ ಗೂಡಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ಬ್ಯಾಟರಿ ಇಲ್ಲದಿದ್ದರೆ ಅದು ಮೇಲೆದ್ದು ಮುಚ್ಚಳ ಹಾಕಲು ಬಿಡುವುದಿಲ್ಲ. ಅಡ್ಡ ಬರುತ್ತದೆಂದು ಅದನ್ನು ಮುರಿಯಬೇಡಿ, ಖಾಲಿ ಗೂಡಿನ ಅಲಾರಂ ಸೂರಿಗೇರದಿರಲೆಂದೇ ಅದನ್ನು ಇಟ್ಟಿರುವುದು. ಹೊಸದು ಹಾಕಿದ ಮೇಲೆ ಗುಂಡಿ ಒತ್ತಿ ಸದ್ದು ಕೇಳಿ, ತಿಂಗಳಿಗೊಮ್ಮೆ ಇದನ್ನೇ ಮಾಡಿ. ಹಾಗೆಯೇ ಬೆನ್ನಿನ ಮೇಲಿನ ತಯಾರಿಕೆಯ ದಿನಾಂಕ ನೋಡಿ. ಹತ್ತು ವರ್ಷ ದಾಟಿದ್ದರೆ ಬ್ಯಾಟರಿಗೆ ದುಡ್ಡು ಹಾಕದೆ ಅಲಾರಮ್ಮನ್ನೇ ಬದಲಿಸಿ, ಹೊಗೆ ಹಿಡಿಯುವ ಭಾಗಕ್ಕೂ ವಯಸ್ಸಾಗುತ್ತದೆ.

ಪ್ರಶ್ನೆ: ನಾಲ್ಕು ವರ್ಷದ ಎಮರ್ಜೆನ್ಸಿ ಲೈಟ್ ಈಗ ಐದೇ ನಿಮಿಷ ಉರಿಯುತ್ತದೆ. ರಿಪೇರಿಗಿಂತ ಹೊಸದು ತಗೊಳ್ಳಿ ಎನ್ನುತ್ತಾರೆ ಅಂಗಡಿಯವರು. ನಾನೇ ಬ್ಯಾಟರಿ ಬದಲಿಸಬಹುದೇ?
– ಓದುಗರೊಬ್ಬರು, ವಿಜಯನಗರ

ಉತ್ತರ: ಖಂಡಿತ ಬದಲಿಸಬಹುದು. ಇಟ್ಟಿಗೆಯಂತೆ ಭಾರವಿರುವ ಹಳೆಯ ಮಾದರಿಯಾದರೆ ಒಳಗಿರುವುದು ಸೀಲ್ ಮಾಡಿದ ಸೀಸ-ಆಮ್ಲದ ಬ್ಯಾಟರಿ, ಬಹುಪಾಲು 6 ವೋಲ್ಟ್ 4.5 ಆಂಪಿಯರ್ ಗಂಟೆಯದು. 4, 4.5, 5 ಆಂಪಿಯರ್ ಗಂಟೆಯವು ಸಾಮಾನ್ಯವಾಗಿ ಒಂದೇ ಗಾತ್ರದಲ್ಲಿ ಬರುತ್ತವೆ: ಉದ್ದ 70, ಅಗಲ 47, ಎತ್ತರ 100 ಮಿಲಿಮೀಟರಿನ ಆಸುಪಾಸು. ಆದರೂ ಸ್ಕೇಲಿಟ್ಟು ಅಳೆದುಕೊಂಡು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲು, ಎಸ್.ಪಿ. ರಸ್ತೆಗೆ ಹೋಗಿ.

ಮೊದಲು ತಪ್ಪು ಬ್ಯಾಟರಿಯದೋ ಚಾರ್ಜರಿನದೋ ಗೊತ್ತಾಗಬೇಕು. ರಾತ್ರಿಯಿಡೀ ಚಾರ್ಜ್ ಮಾಡಿ, ಪ್ಲಗ್ ಕಿತ್ತು, ಹಿಂದಿನ ಸ್ಕ್ರೂ ಬಿಚ್ಚಿ. ದೀಪ ಆರಿಸಿ ಎರಡು ಗಂಟೆ ಬಿಟ್ಟು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಡಿ. ಆರೋಗ್ಯವಂತ ಬ್ಯಾಟರಿ 6.4 ವೋಲ್ಟ್ ಸುತ್ತ ತೋರಿಸುತ್ತದೆ. ಈಗ ದೀಪ ಹೊತ್ತಿಸಿ ಮೀಟರ್ ನೋಡುತ್ತಿರಿ. ಕೆಲವೇ ನಿಮಿಷದಲ್ಲಿ 5.25ರ ಕೆಳಗೆ ಬಿದ್ದರೆ ಬ್ಯಾಟರಿ ಮುಗಿಯಿತು. ರಾತ್ರಿಯಿಡೀ ಚಾರ್ಜ್ ಮಾಡಿದರೂ ವೋಲ್ಟೇಜ್ ಏರಿಯೇ ಇಲ್ಲವೆಂದರೆ ಚಾರ್ಜರ್ ಮೇಲೂ ಅನುಮಾನವಿರಲಿ.

ತೆಗೆಯುವಾಗ ಮೊದಲು ಕಪ್ಪು ತಂತಿ, ಆಮೇಲೆ ಕೆಂಪು. ಹಾಕುವಾಗ ಮೊದಲು ಕೆಂಪು. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕೆಲವು ತಯಾರಕರು ಬಣ್ಣದ ನಿಯಮವನ್ನೇ ಪಾಲಿಸಿರುವುದಿಲ್ಲ. ತಂತಿಯ ತುದಿಯ ಕ್ಲಿಪ್ಪಿನ ಅಗಲ 4.8 ಮಿಲಿಮೀಟರೋ 6.3 ಮಿಲಿಮೀಟರೋ ನೋಡಿ ಅದೇ ಅಗಲದ ತಗಡಿನ ಬ್ಯಾಟರಿ ತನ್ನಿ. ಸಡಿಲ ಕ್ಲಿಪ್ಪನ್ನು ಇಕ್ಕಳದಲ್ಲಿ ತುಸು ಒತ್ತಿದರೆ ಹಿಡಿಯುತ್ತದೆ. ಬ್ಯಾಟರಿಯ ತಗಡಿಗೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಬುಡದ ಸೀಲು ಬಿಟ್ಟುಕೊಂಡು ಆಮ್ಲ ಒಸರುತ್ತದೆ.

ಮರೆಯದೆ ಮಾಡಬೇಕಾದದ್ದು ಮರುದಿನದ ಕೆಲಸ. ಹೊಸ ಬ್ಯಾಟರಿ ಹಾಕಿ ಇಪ್ಪತ್ನಾಲ್ಕು ಗಂಟೆ ಚಾರ್ಜಿನಲ್ಲಿಟ್ಟ ಮೇಲೆ, ಚಾರ್ಜ್ ಆಗುತ್ತಿರುವಾಗಲೇ ಬ್ಯಾಟರಿಯ ತಗಡುಗಳ ನಡುವೆ ಅಳೆಯಿರಿ. 220 ವೋಲ್ಟಿನ ಭಾಗ ತೆರೆದುಕೊಂಡಿದ್ದರೆ ಈ ಅಳತೆ ತಿಳಿದವರೇ ಮಾಡಲಿ. 6.8ರಿಂದ 6.9 ಇದ್ದರೆ ನಿಶ್ಚಿಂತೆ. 7.2ರ ಮೇಲೆಯೇ ನಿಂತಿದ್ದರೆ ಚಾರ್ಜರ್ ಬ್ಯಾಟರಿಯನ್ನು ಬೇಯಿಸುತ್ತಿದೆ ಎಂದರ್ಥ. ನೀರು ಆರಿ, ಮೈ ಉಬ್ಬಿ ವರ್ಷದೊಳಗೆ ಅದೂ ಮುಗಿಯುತ್ತದೆ. ಹಳೆಯದರ ಹೊಟ್ಟೆ ಉಬ್ಬಿದ್ದರೆ ಕಾರಣ ಇದೇ ಇರಬಹುದು. ಅಂಥ ಲೈಟನ್ನು ಸದಾ ಪ್ಲಗ್ಗಿನಲ್ಲಿ ಬಿಡದೆ ಹನ್ನೆರಡು ಗಂಟೆಗೆ ಕೀಳಿ.

ಉಬ್ಬಿಲ್ಲದೆ ಸತ್ತಿದ್ದರೆ ಕಾರಣ ತದ್ವಿರುದ್ಧ, ಖಾಲಿಯಾಗಿ ಕೂತದ್ದು. ಊರಿಗೆ ಹೋದಾಗ ಸ್ವಿಚ್ ಆನ್ ಇದ್ದು, ಕರೆಂಟು ಹೋಗಿ, ದೀಪ ಯಾರಿಗೂ ಇಲ್ಲದೆ ಉರಿದು ಬ್ಯಾಟರಿ ಬರಿದಾಗಿರುತ್ತದೆ. ಖಾಲಿ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತರೆ ಮತ್ತೆ ಚಾರ್ಜ್ ಹಿಡಿಯದು. ಬಳಸದಿದ್ದರೂ ಮೂರು ತಿಂಗಳಿಗೊಮ್ಮೆ ತುಂಬ ಚಾರ್ಜ್ ಮಾಡಿ. ಅದೇ ಜಾಗಕ್ಕೆ ಎರಡು ಲಿಥಿಯಂ ಅಯಾನ್ ಸೆಲ್ ಜೋಡಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸೀಸದ ಚಾರ್ಜರ್ ಆ ಸೆಲ್ಲಿಗಾಗಿ ಮಾಡಿದ್ದಲ್ಲ.

ಹೋಲ್ಡರಿಗೆ ಹಾಕುವ ಎಮರ್ಜೆನ್ಸಿ ಬಲ್ಬಿನ ಕತೆ ಬೇರೆ. ಒಳಗೆ ಪುಟ್ಟ ಲಿಥಿಯಂ ಸೆಲ್ ಇರುತ್ತದೆ ನಿಜ, ಆದರೆ ಅಗ್ಗದ ಬಲ್ಬುಗಳಲ್ಲಿ ಸೆಲ್ಲಿನ ಸರ್ಕೀಟು ಮನೆಯ ಕರೆಂಟಿನಿಂದ ಬೇರ್ಪಟ್ಟಿರುವುದಿಲ್ಲ. ಹೋಲ್ಡರಿನಲ್ಲಿರುವಾಗ ಸೆಲ್ ಮುಟ್ಟಿದರೂ ಶಾಕ್ ಹೊಡೆಯಬಹುದು. ಅದನ್ನು ಬಿಚ್ಚಬೇಡಿ.

ಪ್ರಶ್ನೆ: ಜನವರಿಯಲ್ಲಿ ಗುಲ್ಮಾರ್ಗಿಗೆ ಸ್ಕೀಯಿಂಗಿಗೆ ಹೊರಟಿದ್ದೇನೆ. ಹಿಮಕುಸಿತದಲ್ಲಿ ಸಿಕ್ಕಿದವರನ್ನು ಹುಡುಕುವ ಟ್ರಾನ್ಸೀವರ್ ಬಾಡಿಗೆಗೆ ಸಿಗುತ್ತದಂತೆ. ಚಳಿಗೆ ಲಿಥಿಯಂ ಸೆಲ್ಲೇ ಒಳ್ಳೆಯದು ಎನ್ನುತ್ತಾನೆ ಗೆಳೆಯ, ಸಾಧನದ ಪುಸ್ತಕದಲ್ಲಿ ಆಲ್ಕಲೈನ್ ಮಾತ್ರ ಎಂದಿದೆ. ಯಾರ ಮಾತು ಕೇಳಲಿ? ಉಪಗ್ರಹಕ್ಕೆ ಸಂಕೇತ ಕಳಿಸುವ ಬೀಕನ್ ಕೂಡ ಬೇಕೇ, ಅದರ ಬ್ಯಾಟರಿ ಬದಲಿಸಲು ಬರುತ್ತದೆಯೇ?
– ಓದುಗರೊಬ್ಬರು, ಜಯನಗರ

ಉತ್ತರ: ಗೆಳೆಯ ಹೇಳಿದ್ದು ತಲೆದೀಪಕ್ಕೆ ಸರಿ, ಟ್ರಾನ್ಸೀವರಿಗೆ ಪುಸ್ತಕದ ಮಾತೇ ಸರಿ.

ಪೆನ್ಸಿಲ್ ಸೆಲ್ಲುಗಳ ಮೈಮೇಲಿನ ಅಕ್ಷರ ಮೊದಲು ತಿಳಿಯೋಣ. ಬರೀ ಆರ್6 ಎಂದರೆ ಕಾರ್ಬನ್ ಝಿಂಕ್. ಎಲ್ಆರ್6 ಆಲ್ಕಲೈನ್. ಎಚ್ಆರ್6 ಚಾರ್ಜ್ ಮಾಡುವ ನಿಕಲ್ ಸೆಲ್, 1.2 ವೋಲ್ಟ್. ಎಫ್ಆರ್6 ಒಮ್ಮೆ ಬಳಸುವ ಲಿಥಿಯಂ, 1.5 ವೋಲ್ಟ್. ಇವೆಲ್ಲದರ ನಡುವೆ ಒಬ್ಬ ವೇಷಧಾರಿ ಇದ್ದಾನೆ: 14500. ಅದೇ ಉದ್ದ, ಅದೇ ದಪ್ಪ, ಆದರೆ 3.7 ವೋಲ್ಟಿನ ಲಿಥಿಯಂ ಅಯಾನ್. 'ಲಿಥಿಯಂ ಪೆನ್ಸಿಲ್ ಸೆಲ್' ಎಂದು ಕೇಳಿದರೆ ಅದನ್ನೇ ಕೊಟ್ಟುಬಿಡಬಹುದು. ಮೂರು ಸೆಲ್ಲಿನ ಸಾಧನಕ್ಕೆ ಹಾಕಿದರೆ 4.5ರ ಬದಲು 11 ವೋಲ್ಟ್ ನುಗ್ಗಿ ಸಾಧನ ಸುಟ್ಟೀತು.

ಎಫ್ಆರ್6 ಮೈನಸ್ 40 ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ, ಆಲ್ಕಲೈನಿಗಿಂತ ಮೂರನೇ ಒಂದು ಪಾಲು ಹಗುರ, ಸೋರುವ ಭಯವೂ ಕಡಿಮೆ. ಆಲ್ಕಲೈನಿನ ಒಳಗಿರುವುದು ನೀರು ಬೆರೆತ ಕ್ಷಾರ. ಮೈನಸ್ 20ರಲ್ಲಿ ಅದರ ಸಾಮರ್ಥ್ಯದ ಬಹುಪಾಲು ಕೈಗೆ ಸಿಗುವುದಿಲ್ಲ. ಹಾಗಾದರೆ ಟ್ರಾನ್ಸೀವರ್ ಆಲ್ಕಲೈನನ್ನೇ ಏಕೆ ಕೇಳುತ್ತದೆ? ಪರದೆಯ ಮೇಲಿನ ಶೇಕಡಾ ಅಂಕಿಗಾಗಿ. ಆಲ್ಕಲೈನ್ ವೋಲ್ಟೇಜ್ ಬಳಸಿದಂತೆಲ್ಲ ಇಳಿಜಾರಿನಲ್ಲಿ ಇಳಿಯುತ್ತದೆ, ಆ ಇಳಿಜಾರನ್ನೇ ಸಾಧನ ಅಂಕಿಯಾಗಿ ತೋರಿಸುತ್ತದೆ. ಎಫ್ಆರ್6 ವೋಲ್ಟೇಜ್ ಕೊನೆಯವರೆಗೂ ಮಟ್ಟಸವಾಗಿದ್ದು ಆಮೇಲೆ ಪ್ರಪಾತಕ್ಕೆ ಬೀಳುತ್ತದೆ. ಮುಕ್ಕಾಲು ಪಾಲು ಮುಗಿದಿದ್ದರೂ ಪರದೆ 'ತುಂಬಿದೆ' ಎನ್ನಬಹುದು. ಚಳಿಯ ಚಿಂತೆ ಇಲ್ಲಿ ಅಷ್ಟಿಲ್ಲ, ಏಕೆಂದರೆ ಟ್ರಾನ್ಸೀವರನ್ನು ಕಟ್ಟಿಕೊಳ್ಳುವುದು ಜಾಕೆಟ್ಟಿನ ಒಳಗೆ, ಮೈಶಾಖದಲ್ಲಿ. ಈಚಿನ ಕೆಲವು ಮಾದರಿಗಳಲ್ಲಿ ಸೆಲ್ಲಿನ ಜಾತಿಯನ್ನು ಆರಿಸುವ ಸೌಲಭ್ಯವಿದೆ. ಇದ್ದರೆ, ಪುಸ್ತಕ ಒಪ್ಪಿದರೆ, ಲಿಥಿಯಂ ಹಾಕಬಹುದು. ಚಾರ್ಜ್ ಮಾಡುವ ನಿಕಲ್ ಸೆಲ್ಲನ್ನು ಇದೇ ಅಂಕಿಯ ಕಾರಣಕ್ಕೆ ದೂರವಿಡಿ.

ಬಾಡಿಗೆ ಸಾಧನ ಕೈಗೆ ಬಂದ ಕೂಡಲೇ ಗೂಡು ತೆರೆದು ನೋಡಿ. ಸ್ಪ್ರಿಂಗಿನ ಮೇಲೆ ಬಿಳಿ ಪುಡಿಯೋ ಹಸಿರು ಕಿಲುಬೋ ಇದ್ದರೆ ಬೇರೆಯದು ಕೇಳಿ. ಇರುವ ಸೆಲ್ಲುಗಳ ನಂಬಿಕೆ ಬೇಡ, ಬೆಂಗಳೂರಿನಿಂದ ಒಂದೇ ಬ್ರಾಂಡಿನ, ಒಂದೇ ಪೊಟ್ಟಣದ ಹೊಸ ಎಲ್ಆರ್ ಸೆಲ್ಲುಗಳನ್ನು ಒಯ್ದು ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಈ ಸಾಧನಗಳೆಲ್ಲ 457 ಕಿಲೋಹರ್ಟ್ಝಿನಲ್ಲಿ ಕೆಲಸ ಮಾಡುತ್ತವೆ. ಯುರೋಪಿನ ಮಾನದಂಡ ಕೇಳುವುದು 10 ಡಿಗ್ರಿಯಲ್ಲಿ 200 ಗಂಟೆ ಸಂಕೇತ ಕಳಿಸಿ, ಆಮೇಲೂ ಮೈನಸ್ 10ರಲ್ಲಿ ಒಂದು ಗಂಟೆ ಹುಡುಕುವಷ್ಟು ಕಸುವು. ಹುಡುಕಾಟಕ್ಕೆ ಕರೆಂಟು ಹೆಚ್ಚು ಬೇಕು, ಆದ್ದರಿಂದ ಅರ್ಧ ಖಾಲಿ ಸೆಲ್ಲಿನಲ್ಲಿ ಹೊರಡಬೇಡಿ. ಮೊಬೈಲನ್ನು ಟ್ರಾನ್ಸೀವರಿನಿಂದ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿಡಿ. ವಿಮಾನದಲ್ಲಿ ಬಿಡಿ ಲಿಥಿಯಂ ಸೆಲ್ಲುಗಳು ಕೈಚೀಲದಲ್ಲಿರಲಿ.

ಬೀಕನ್ ವಿಷಯ. 406 ಮೆಗಾಹರ್ಟ್ಝಿನಲ್ಲಿ ಕೂಗುವ ಇವು ಕೋಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ಉಪಗ್ರಹ ವ್ಯವಸ್ಥೆಗೆ ಸೇರಿದವು. ಭಾರತದ ಪಾಲಿನ ಸಂಕೇತಗಳನ್ನು ನೋಡಿಕೊಳ್ಳುವ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಇಸ್ರೋದ ಇಸ್ಟ್ರಾಕ್‌ನಲ್ಲಿ. ಇವುಗಳ ಬ್ಯಾಟರಿಯನ್ನು ಸಾಮಾನ್ಯವಾಗಿ ಬಳಕೆದಾರ ಬದಲಿಸುವಂತಿಲ್ಲ, ಅದು ವ್ಯಾಪಾರದ ಕುತಂತ್ರವೂ ಅಲ್ಲ. ಮೈನಸ್ 20ರಲ್ಲಿ 24 ಗಂಟೆ ಸಂಕೇತ ಕಳಿಸಲೇಬೇಕು, ನೀರಿಗೆ ಬಿದ್ದರೂ ಒಳಗೆ ಹನಿ ಇಳಿಯಬಾರದು. ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ ಮುಚ್ಚಿದ ಸೀಲಿಗೆ ಆ ಖಾತರಿ ಕೊಡುವವರಾರು? ಮೈಮೇಲೆ ಬ್ಯಾಟರಿಯ ಕೊನೆಯ ದಿನಾಂಕ ಅಚ್ಚಾಗಿರುತ್ತದೆ, ಆ ಹೊತ್ತಿಗೆ ತಯಾರಕರ ಸೇವಾಕೇಂದ್ರಕ್ಕೆ ಕಳಿಸಬೇಕು. ಸ್ವಪರೀಕ್ಷೆಯ ಗುಂಡಿಯನ್ನು ಮಕ್ಕಳಾಟದಂತೆ ಒತ್ತಬೇಡಿ, ಪ್ರತಿ ಸಲವೂ ಆ 24 ಗಂಟೆಯಿಂದ ಸ್ವಲ್ಪ ಕದ್ದಂತೆ. ಇನ್ನೊಂದು ಮಾತು: ವಿದೇಶದಿಂದ ಬಂದ ನೆಂಟರ ಉಪಗ್ರಹ ಫೋನ್ ಎರವಲು ತಗೊಂಡು ಹೊರಡಬೇಡಿ. ತುರಾಯಾ, ಇರಿಡಿಯಂ ಜಾಲದ ಸಾಧನಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಕಾಶ್ಮೀರದಲ್ಲಂತೂ ನೇರ ಪೊಲೀಸ್ ಠಾಣೆ.

ಪ್ರಶ್ನೆ: ಅಮ್ಮನ ಹಾಸಿಗೆಯ ಪಕ್ಕ ಕರೆಯಲು ಒತ್ತುವ ವೈರ್‌ಲೆಸ್ ಬಟನ್ ಇದೆ. ಸೆಲ್ ಯಾವಾಗ ಮುಗಿಯುತ್ತದೆಂದು ತಿಳಿಯುವುದು ಹೇಗೆ? ಮನೆಯಲ್ಲಿ ಎರಡು ವರ್ಷದ ಮೊಮ್ಮಗಳೂ ಇದ್ದಾಳೆ.
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಇಂಥ ಬಟನ್ನುಗಳಲ್ಲಿ ಎರಡು ಬಗೆಯ ಸೆಲ್ ಸಾಮಾನ್ಯ: ಕಿರುಬೆರಳಿಗಿಂತ ಚಿಕ್ಕದಾದ 12 ವೋಲ್ಟಿನ 23ಎ, ಇಲ್ಲವೇ ನಾಣ್ಯದಂಥ ಸಿಆರ್2032. 23ಎ ಒಳಗೆ ಎಂಟು ಪುಟಾಣಿ ಬಟನ್ ಸೆಲ್ಲುಗಳ ಗೋಪುರವಿದೆ, ಸಾಮರ್ಥ್ಯ ಸುಮಾರು 50 ಮಿಲಿ ಆಂಪಿಯರ್ ಗಂಟೆ ಅಷ್ಟೆ. ಸಾಯುವ ಮುನ್ನ ಇವು ಸೂಚನೆ ಕೊಡುವುದು ದೂರದ ಲೆಕ್ಕದಲ್ಲಿ. ಮೊದಲು ಮಹಡಿಯವರೆಗೂ ಕೇಳುತ್ತಿದ್ದ ಗಂಟೆ ಈಗ ಪಕ್ಕದ ಕೋಣೆಗಷ್ಟೇ ಮುಟ್ಟುತ್ತದೆ. ವಾರಕ್ಕೊಮ್ಮೆ ಮನೆಯ ಅತಿ ದೂರದ ಮೂಲೆಯಿಂದ ಒತ್ತಿ ನೋಡಿ, ವರ್ಷಕ್ಕೊಮ್ಮೆ ಕಣ್ಣುಮುಚ್ಚಿ ಬದಲಿಸಿ. ಹೊಸ ಸಿಆರ್2032 ಹಾಕಿದರೂ ಬಟನ್ ಏಳದಿದ್ದರೆ ಸೆಲ್ಲಿನ ಮೇಲಿನ ಕಹಿ ಲೇಪ ಕಾರಣವಿರಬಹುದು. ಮಕ್ಕಳು ನುಂಗದಿರಲೆಂದು ಹಚ್ಚಿದ್ದು ಅದು, ಕೆಲವು ಸಾಧನಗಳಲ್ಲಿ ಸಂಪರ್ಕಕ್ಕೆ ಅಡ್ಡಬರುತ್ತದೆ. ಲೇಪವಿಲ್ಲದ ಬ್ರಾಂಡ್ ಹಾಕಿ ನೋಡಿ.

ಮಗುವಿರುವ ಮನೆಯಲ್ಲಿ ಸ್ಕ್ರೂ ಹಾಕಿ ಮುಚ್ಚುವ ಬಟನ್ನೇ ಇರಲಿ. 20 ಮಿಲಿಮೀಟರಿನ ಲಿಥಿಯಂ ನಾಣ್ಯ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗಂಭೀರವಾಗಿ ಸುಡುತ್ತದೆ. ಹಳೆಯದೆಂದು ಎಸೆದ ಸೆಲ್ಲಿಗೂ ಆ ಶಕ್ತಿ ಉಳಿದಿರುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ವಾಂತಿ ಮಾಡಿಸಬೇಡಿ. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆಯಾಗಿರದಿದ್ದು, ನುಂಗಲು ಕಷ್ಟವಿಲ್ಲದಿದ್ದರೆ ದಾರಿಯಲ್ಲೇ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ ಆರು ಸಲ. ಜೇನು ಹುಡುಕುತ್ತ ಹೊರಡುವುದನ್ನು ತಡಮಾಡಬೇಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರವಿದೆ. ಬ್ಯಾಟರಿ ಬೆಲೆ ವಿಪರೀತ. ಒಳಗಿನ ಸೆಲ್ ಮಾತ್ರ ಬದಲಿಸಿಕೊಡುತ್ತೇನೆ ಎನ್ನುತ್ತಾರೆ ಒಬ್ಬರು. ಮಾಡಿಸೋಣವೇ?
– ಸಂಘದ ಸದಸ್ಯರೊಬ್ಬರು, ವೈಟ್‌ಫೀಲ್ಡ್

ಉತ್ತರ: ಬೇಡ. ಆ ಬ್ಯಾಟರಿ ಕೆಲವೇ ಸೆಕೆಂಡಿನಲ್ಲಿ ದೊಡ್ಡ ಕರೆಂಟು ಕೊಟ್ಟು, ಶಾಕಿನ ಚಾರ್ಜ್ ಕೂಡಿಡುವ ಕೆಪಾಸಿಟರ್ ತುಂಬಬೇಕು. ಸೆಲ್ ಬದಲಿಸಿದ ಪ್ಯಾಕು ಪ್ರತಿದಿನದ ಸ್ವಪರೀಕ್ಷೆಯಲ್ಲಿ ಹಸಿರು ದೀಪ ತೋರಿಸಿ, ಶಾಕಿನ ಹೊತ್ತಿಗೆ ಕುಸಿಯಬಹುದು. ತಯಾರಕರ ಪ್ಯಾಕನ್ನೇ ಕೊಳ್ಳಿ, ಎದೆಗೆ ಅಂಟಿಸುವ ಪ್ಯಾಡುಗಳ ಮೇಲಿನ ದಿನಾಂಕವನ್ನೂ ನೋಡಿ. ಬ್ಯಾಟರಿಗಿಂತ ಮೊದಲು ಪ್ಯಾಡಿನ ಅಂಟು ಒಣಗಿರಬಹುದು.

ಪ್ರಶ್ನೆ: ಅಡುಗೆ ಗ್ಯಾಸ್ ಸೋರಿದರೆ ಕೂಗುವ ಡಿಟೆಕ್ಟರ್ ಪೆನ್ಸಿಲ್ ಸೆಲ್ಲಿನಲ್ಲಿ ಓಡುವಂಥದ್ದು ಸಿಗುತ್ತದೆಯೇ?
– ಓದುಗರೊಬ್ಬರು, ಯಲಹಂಕ

ಉತ್ತರ: ಅಗ್ಗದ ಡಿಟೆಕ್ಟರುಗಳ ಸೆನ್ಸರಿನೊಳಗೆ ಸದಾ ಬಿಸಿಯಾಗಿರಬೇಕಾದ ಪುಟ್ಟ ಹೀಟರ್ ಇರುತ್ತದೆ, ಅದಕ್ಕೇ ಸುಮಾರು 150 ಮಿಲಿ ಆಂಪಿಯರ್ ಬೇಕು. 2500 ಮಿಲಿ ಆಂಪಿಯರ್ ಗಂಟೆಯ ಸೆಲ್ಲುಗಳು ಒಂದು ದಿನವೂ ಬಾರವು. ಪ್ಲಗ್ಗಿಗೆ ಹಾಕುವುದನ್ನೇ ಕೊಂಡು, ಕರೆಂಟು ಹೋದಾಗಲೂ ಬೇಕೆಂದರೆ ಇನ್ವರ್ಟರ್ ಲೈನಿಗೆ ಕೊಡಿ. ಸಿಲಿಂಡರಿನ ಅಡುಗೆ ಅನಿಲ (ಎಲ್‌ಪಿಜಿ) ಗಾಳಿಗಿಂತ ಭಾರ, ಅದಕ್ಕೆ ಡಿಟೆಕ್ಟರ್ ನೆಲದಿಂದ ಒಂದು ಅಡಿ ಎತ್ತರದಲ್ಲಿರಲಿ.

ಪ್ರಶ್ನೆ: ಬ್ಯಾಟರಿ ಬದಲಿಸಲು ಬರುವ ಸಾಧನಗಳನ್ನೇ ಮಾಡಬೇಕೆಂಬ ಕಾನೂನು ಬರುತ್ತಿದೆಯಂತೆ, ಹೌದೇ? ಹಳೆಯವನ್ನು ಎಲ್ಲಿ ಎಸೆಯಬೇಕು?
– ಓದುಗರೊಬ್ಬರು, ಕೆಂಗೇರಿ

ಉತ್ತರ: ಅದು ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮ. 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಸಾಧನಗಳ ಸಣ್ಣ ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಬದಲಿಸುವಂತಿರಬೇಕು. ನೀರಿನಲ್ಲಿ ಬಳಸುವ ಸಾಧನ, ಸುರಕ್ಷತೆಗಾಗಿ ಬ್ಯಾಟರಿ ಬಿಡದೆ ಜೋಡಿಸಿರಲೇಬೇಕಾದ ಸಾಧನ ಮುಂತಾದವಕ್ಕೆ ವಿನಾಯಿತಿಗಳಿವೆ. ನಮ್ಮಲ್ಲಿರುವುದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು. ಅವು ಹಳೆಯ ಬ್ಯಾಟರಿ ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತವೆ. ಮನೆಯ ಕಸದ ಜೊತೆ ಬೆರೆಸದೆ ಬೇರೆಯಾಗಿ ಕೊಡುವುದು ನಮ್ಮ ಪಾಲಿನದು. ಸೀಸದ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಡಿ, ತೂಕಕ್ಕೆ ದುಡ್ಡು ಮುರಿದುಕೊಳ್ಳುತ್ತಾರೆ. ಉಳಿದವನ್ನು ಒಣ ಡಬ್ಬಿಯಲ್ಲಿ ಕೂಡಿಟ್ಟು ಇ-ತ್ಯಾಜ್ಯದವರಿಗೆ ಕೊಡಿ. ಡಬ್ಬಿಗೆ ಹಾಕುವ ಮುನ್ನ ಲಿಥಿಯಂ ಸೆಲ್ಲುಗಳ ಎರಡೂ ತುದಿಗೆ, 9 ವೋಲ್ಟ್ ಬ್ಯಾಟರಿಯ ಎರಡೂ ಗುಬುಟಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಆ ಗುಬುಟಿಗಳು ಅಕ್ಕಪಕ್ಕದಲ್ಲೇ ಇರುವುದರಿಂದ ಮೇಜಿನ ಖಾನೆಯ ಒಂದು ಬೀಗದಕೈ ಅಡ್ಡ ಬಿದ್ದರೂ ಬಿಸಿಯೇರಿ ಪಕ್ಕದ ಕಾಗದಕ್ಕೆ ಬೆಂಕಿ ಹತ್ತಬಹುದು.